ಹೆಜ್ಜಾರ್ಲೆಯ ಮಡಿಲಕ್ಕಿ

ಬಹಳ ಬಹಳ ಹಿಂದೆ, ನಿಮ್ಮಜ್ಜಿಯ ಅಜ್ಜಿ ತೊಟ್ಟಿಲಲ್ಲಿ ಕಾಲು ಬಡಿಯುತ್ತಿದ್ದ ಕಾಲಕ್ಕೂ ಹಿಂದೆ, ಹೊಂಗೆರೆ ಅಂತ ಒಂದು ರಾಜ್ಯವಿತ್ತು. ರಾಜ್ಯವೆಂದರೆ ಏನು ಮಹಾ! ಒಂದು ದೊಡ್ಡ ಕೆರೆ, ಕೆರೆಯ ಸುತ್ತ ಜೊಂಡು, ಜೊಂಡಿನಾಚೆ ಊರು, ಊರ ನಡುವೆ ಅರಮನೆ. ಆದರೆ ಆ ಕೆರೆಗೆ ಬರುತ್ತಿದ್ದ ಹಕ್ಕಿಗಳನ್ನು ನೋಡಬೇಕಿತ್ತು ನೀವು! ಕೊಕ್ಕಿನಡಿ ಚೀಲವಿರುವ ಬಿಳಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ, ಚಮಚದಂಥ ಕೊಕ್ಕಿನವು, ಎಲ್ಲ ವರ್ಷಾ ವರ್ಷಾ ದೂರದಿಂದ ಬಂದು, ಗೂಡು ಕಟ್ಟಿ, ಮರಿ ಮಾಡಿಕೊಂಡು ಹೋಗುತ್ತಿದ್ದವು. ಊರಿನವರು ಅವನ್ನು ಹಕ್ಕಿ ಅನ್ನುತ್ತಲೇ ಇರಲಿಲ್ಲ. "ನಮ್ಮ ಹೆಣ್ಮಕ್ಕಳು ಹೆರಿಗೆಗೆ ಬಂದವ್ರೆ" ಅನ್ನುತ್ತಿದ್ದರು.

ತವರಿಗೆ ಬಂದ ಮಗಳನ್ನು ಬರಿಮಡಿಲಲ್ಲಿ ಕಳಿಸುವುದುಂಟೇ? ಹಕ್ಕಿಗಳು ಹೊರಡುವ ದಿನ ಮಕ್ಕಳ ತಾಯಿಯೊಬ್ಬಳು ಕೆರೆದಂಡೆಗೆ ಬಂದು, ಮೊರದಲ್ಲಿದ್ದ ಅಕ್ಕಿ ಬೆಲ್ಲವನ್ನು ಅವುಗಳ ರೆಕ್ಕೆಯ ಮೇಲೆ ಹಾಕಿ ಮಡಿಲು ತುಂಬುತ್ತಿದ್ದಳು. ಯಾರು ಮಡಿಲು ತುಂಬಿದರೋ ಅವರ ಮನೆಯೇ ತವರು. ಮುಂದಿನ ವರ್ಷ ಹಕ್ಕಿಗಳು ಅಲ್ಲಿಗೇ ಬರುತ್ತಿದ್ದವು. ಇನ್ನೊಂದು ಮಾತು. ಹೊಂಗೆರೆಯಲ್ಲಿ ಆ ವರ್ಷದ ಮೊದಲ ಮರಿ ಮೊಟ್ಟೆಯೊಡೆದು ಬರುವ ತನಕ ಅಲ್ಲಿನ ಯಾವ ಬಸುರಿಗೂ ನೋವು ಕಾಣಿಸಿಕೊಳ್ಳುತ್ತಿರಲಿಲ್ಲ. ಅದು ಹಾಗೇ, ಯಾಕೆಂದು ಕೇಳಬೇಡಿ.

ಒಂದು ವರ್ಷ ಎಡವಟ್ಟಾಯಿತು. ರಾಜ ವೀರಕೇತುವಿಗೆ ಹಟ ಬಂತು: "ರಾಜ್ಯ ನನ್ನದು, ಮಡಿಲು ನಾನೇ ತುಂಬುತ್ತೇನೆ." ಅವನ ತಾಯಿ ಅಜ್ಜಿರಾಣಿ ಮೊರವನ್ನು ಕಂಕುಳಲ್ಲಿ ಅವುಚಿಕೊಂಡಳು. "ಹೆರೋದು ನಾವು, ಅಕ್ಕಿ ಹಾಕೋದು ನೀನಾ? ಹೋಗಪ್ಪ ಸುಮ್ನೆ." ಅವನು ಈ ಕಡೆ ಎಳೆದ, ಅವಳು ಆ ಕಡೆ ಎಳೆದಳು. ಹೊತ್ತು ಇಳಿಯಿತು. ಹಕ್ಕಿಗಳು ಕೆರೆಯ ಮೇಲೆ ಮೂರು ಸುತ್ತು ಹಾಕಿದವು, ಕಾದವು, ಬರಿಮಡಿಲಲ್ಲೇ ಹೊರಟುಹೋದವು.

ಮರುವರ್ಷ ಒಂದು ರೆಕ್ಕೆಯೂ ಕಾಣಲಿಲ್ಲ.

ಕೆರೆದಂಡೆಯ ಅಟ್ಟಣೆಯ ಮೇಲೆ ಕೂತು ದಾರಿ ನೋಡುವವನು ಮಾಯಿಗ, ಬೆಸ್ತರ ಹುಡುಗ. ಮೊದಲ ಹಕ್ಕಿ ಕಂಡೊಡನೆ "ಬಂದ್ರೂ! ಹೆಣ್ಮಕ್ಕಳು ಬಂದ್ರೂ!" ಅಂತ ಕೂಗುವುದೇ ಅವನ ಕೆಲಸ. ಕೂಗಲು ಗಂಟಲಿತ್ತು, ಹಕ್ಕಿ ಇರಲಿಲ್ಲ. ಮನೆಯಲ್ಲಿ ಅವನಕ್ಕ ಚೌಡವ್ವ ಚೊಚ್ಚಲು ಹೆರಿಗೆಗೆ ಬಂದು ಕೂತಿದ್ದಳು. ದಿನ ತುಂಬಿ ಎಷ್ಟೋ ದಿನವಾಗಿತ್ತು, ನೋವಿನ ಸುಳಿವಿಲ್ಲ. ಸೂಲಗಿತ್ತಿ ಮಾಯಿಗನನ್ನು ಹಿತ್ತಲಿಗೆ ಕರೆದು, "ಅಮಾವಾಸ್ಯೆ ದಾಟಿದರೆ ತಾಯೂ ಉಳಿಯಲ್ಲ, ಮಗೂನೂ ಉಳಿಯಲ್ಲ ಕಣಪ್ಪ" ಅಂದಳು.

ಮಾಯಿಗ ಅಲ್ಲಿ ನಿಲ್ಲಲಿಲ್ಲ. ಒಳಗೆ ಹೋಗಿ, "ಅಕ್ಕಾ, ಹಕ್ಕಿಗಳನ್ನ ಕರ್ಕೊಂಡು ಬರ್ತೀನಿ. ತವರಿನ ಗಂಡುಮಗ ಹೋಗಿ ಕರೀದೆ ಯಾವ ಹೆಣ್ಮಗಳು ತಾನೆ ಬಂದಾಳು?" ಅಂದ.

"ಲೋ ಸೋಂಬೇರಿ, ಈಗ ಹೊಳೀತೇನೋ ನಿಂಗೆ!" ಅಂದಳು ಚೌಡವ್ವ. ಬೈದಳೇ ಹೊರತು ಕಣ್ಣು ತುಂಬಿ ಬಂದಿತ್ತು. ಗಂಡನ ಮನೆಯವರು ತನಗೆ ತುಂಬಿದ್ದ ಮಡಿಲಕ್ಕಿಯನ್ನೇ ಬಟ್ಟೆಯಲ್ಲಿ ಗಂಟು ಕಟ್ಟಿ ಅವನ ಕೈಗಿಟ್ಟಳು.

ಮಾಯಿಗ ಹರಿಗೋಲು ಹತ್ತಿದ. ಕೆರೆ ದಾಟಿದ, ಹಕ್ಕಿಗಳು ಹೋಗಿದ್ದ ದಿಕ್ಕಿಗೇ ಹೊಳೆ ಹಿಡಿದ, ನೀರು ಕೊರೆಯುವಷ್ಟು ತಣ್ಣಗಾಗುವ ಸೀಮೆಗೆ ಬಂದ. ಅಲ್ಲಿ ಜೊಂಡೆಲ್ಲ ಗಾಜು. ಮುಟ್ಟಿದರೆ ಕೈ ಸೀಳುತ್ತಿತ್ತು. ಜೊಂಡಿನ ಬಾಗಿಲಲ್ಲಿ ನೀರುನಾಯಿಯೊಂದು ಹಲ್ಲು ಕಿರಿದು ನಿಂತಿತ್ತು.

"ಇದು ಮಾಂತ್ರಿಕ ಹರಳುಗಣ್ಣನ ಸೀಮೆ. ಬಂದವರನ್ನು ಕಚ್ಚು ಅಂತ ಅವನ ಅಪ್ಪಣೆ. ಹಿಂದಕ್ಕೆ ಹೋಗು."

ಮಾಯಿಗ ನೋಡಿದ. ಅದರ ಹಿಂದೆ ಮರಿಗಳು ಹೊಟ್ಟೆ ಬೆನ್ನಿಗಂಟಿಸಿಕೊಂಡು ಕುಂಯ್‌ಗುಟ್ಟುತ್ತಿದ್ದವು. "ಕಚ್ಚೋದು ಆಮೇಲೆ ಕಚ್ಚುವಿಯಂತೆ ತಾಯಿ, ಮೊದಲು ಮಕ್ಕಳಿಗೆ ಉಣ್ಣಿಸು" ಅಂದು, ದಾರಿಗೆಂದು ತಂದಿದ್ದ ಒಣಮೀನನ್ನೆಲ್ಲ ಸುರಿದ. ಅಕ್ಕಿಯ ಗಂಟನ್ನು ಮಾತ್ರ ಮುಟ್ಟಲಿಲ್ಲ. ನೀರುನಾಯಿ ಕಚ್ಚಲಿಲ್ಲ. ಮರಿಗಳು ತಿಂದು ಮುಗಿಸುವ ತನಕ ನೋಡಿ, ಜೊಂಡನ್ನು ಬಗ್ಗಿಸಿ ದಾರಿ ಬಿಟ್ಟಿತು.

ಮುಂದೆ ಮಂಜು ಕವಿಯಿತು. ಮಂಜಿನೊಳಗಿಂದ ಹೆಣ್ಣಿನ ದನಿ ಬಂತು. "ತಮ್ಮಾ! ಮುದ್ದು ತಮ್ಮಾ! ನೋವು ತಡೀಲಾರೆ, ಹಿಂದಕ್ಕೆ ಬಾರೋ!"

ಅಯ್ಯೋ, ಅಕ್ಕನದೇ ದನಿ! ಮಾಯಿಗ ಹರಿಗೋಲು ತಿರುಗಿಸಿಯೇಬಿಟ್ಟ. ತಿರುಗಿಸಿದವನು ತಟ್ಟನೆ ಹುಟ್ಟು ಎತ್ತಿ ಹಿಡಿದ. "ನಾನು ಹುಟ್ಟಿದಾಗಿಂದ ನಮ್ಮಕ್ಕ ನನ್ನನ್ನ ಮುದ್ದು ಅಂದೋಳಲ್ಲ. ಯಾವೋನೋ ನೀನು?" ಅಂತ ದನಿ ಬಂದ ಕಡೆಗೆ ಬಾರಿಸಿದ. ದಡ್ಡೆಂದು ಮೊಸಳೆಯ ಮೂತಿಗೆ ಬಿತ್ತು. ಬಾಯಿ ತೆರೆದು ಕಾಯುತ್ತಿದ್ದ ಮಾಯದ ಮೊಸಳೆ ಕೊರಡಾಗಿ ತೇಲಿಹೋಯಿತು. ಮಂಜು ಹರಿಯಿತು.

ಎದುರಿಗೆ ಗಾಜಿನ ಕೆರೆ. ಗಾಜಿನ ಮರಗಳ ಮೇಲೆ ಹೊಂಗೆರೆಯ ಹಕ್ಕಿಗಳೆಲ್ಲ ಅಲುಗಾಡದೆ ಕೂತಿದ್ದವು. ಕೆಳಗಿದ್ದ ಮೊಟ್ಟೆಗಳು ತಣ್ಣಗೆ ಹೊಳೆಯುತ್ತಿದ್ದವು, ಒಂದೂ ಒಡೆದಿರಲಿಲ್ಲ. ನಡುವೆ ಪೀಠದ ಮೇಲೆ ಹರಳುಗಣ್ಣ ಕಣ್ಣು ಮಿಟುಕಿಸದೆ ಕೂತು ನೋಡುತ್ತಿದ್ದ.

"ಇವುಗಳನ್ನು ಇನ್ನು ನಾನೊಬ್ಬನೇ ನೋಡಬೇಕು!" ಅಂದ ಮಾಂತ್ರಿಕ. "ಮರಿಯಾದರೆ ಹಾರಿಹೋಗುತ್ತವೆ, ಅದಕ್ಕೇ ಮರಿಯಾಗಗೊಡುವುದಿಲ್ಲ. ನಿಮ್ಮೂರಿನವರು ಮೊರಕ್ಕೆ ಕಿತ್ತಾಡಿ ಬರಿಮಡಿಲಲ್ಲಿ ಕಳಿಸಿದಾಗ ನಾನು ಸೀರೆಯುಟ್ಟು, ಬಳೆ ತೊಟ್ಟು, ಮುದುಕಿಯಾಗಿ ದಾರಿಯಲ್ಲಿ ನಿಂತು ಮಡಿಲು ತುಂಬಿದೆ. ಈಗ ನಾನೇ ಇವರ ತವರು. ಹೆತ್ತ ಕೈ ಬಂದು ಮತ್ತೆ ಅಕ್ಕಿ ಹಾಕಿದರೆ ಮಾತ್ರ ಬಿಡುಗಡೆ. ನಿನ್ನದು ಗಂಡು ಕೈ. ಏನು ಮಾಡುತ್ತೀಯ?"

ಮಾಯಿಗ ಲೆಕ್ಕ ಹಾಕಿದ. ಅಕ್ಕನನ್ನು ಕರೆತರೋಣವೆಂದರೆ ಅವಳು ಏಳುವ ಸ್ಥಿತಿಯಲ್ಲಿಲ್ಲ. ಬಂದರೂ ಅವಳಿನ್ನೂ ಹೆತ್ತಿಲ್ಲ. ಗಂಟನ್ನು ಬಿಚ್ಚಿ ಮುಂದಿಟ್ಟುಕೊಂಡು ಅತ್ತುಬಿಟ್ಟ. ಹರಳುಗಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

ಆಗ ಹಿಂದಿನಿಂದ ಸರಸರ ಸದ್ದಾಯಿತು. ನೀರುನಾಯಿ! ಮರಿಗಳನ್ನು ಬೆನ್ನಿಗೆ ಕಟ್ಟಿಕೊಂಡೇ ಬಂದಿತ್ತು.

"ಹೆತ್ತ ಕೈ ಬೇಕಂತೆ" ಅಂದಿತು. "ನಾನು ಹೆತ್ತಿಲ್ಲವೇನಪ್ಪ?"

ಪುಟ್ಟ ಪುಟ್ಟ ಕೈಯಲ್ಲಿ ಅಕ್ಕಿಯನ್ನು ಬೊಗಸೆ ತುಂಬ ಎತ್ತಿ, ಹೆಜ್ಜಾರ್ಲೆಗಳ ಹಿರಿಯಳ ಮೇಲೆ ಹಾಕಿತು. ಹಿರಿಯಳು ರೆಕ್ಕೆ ಕೊಡವಿದಳು. ಇನ್ನೊಂದು ಬೊಗಸೆಗೆ ಕೊಕ್ಕರೆಗಳೆದ್ದವು. ಮತ್ತೊಂದಕ್ಕೆ ಇಡೀ ಹಿಂಡು ಎದ್ದಿತು! ಗಾಜು ಪಟಪಟನೆ ಒಡೆದು ನೀರಾಯಿತು, ಮರಗಳು ಹಸಿರಾದವು. ಹರಳುಗಣ್ಣ ಕೂತಲ್ಲೇ ಬಂಡೆಯಾದ, ಕಣ್ಣು ಮಾತ್ರ ತೆರೆದೇ ಉಳಿಯಿತು. ನೀರುಕಾಗೆಗಳು ಅವನ ನೆತ್ತಿಯ ಮೇಲೆ ಕೂತು ರೆಕ್ಕೆ ಒಣಗಿಸಿಕೊಂಡವು, ಇನ್ನೂ ಏನೇನೋ ಮಾಡಿದವು. ಮೂತಿಯೆಲ್ಲ ಬೆಳ್ಳಗಾಯಿತು.

"ಕರೆಯೋಕೆ ಬಂದಿದ್ದೀನಿ ಕಣ್ರವ್ವಾ, ನಡೀರಿ ಮನೆಗೆ" ಅಂದ ಮಾಯಿಗ. ಹೆಜ್ಜಾರ್ಲೆಗಳು ಮೊಟ್ಟೆಗಳನ್ನೆಲ್ಲ ಕೊಕ್ಕಿನ ಚೀಲದಲ್ಲಿ ತುಂಬಿಕೊಂಡವು. ಹರಿಗೋಲಿನ ಹಗ್ಗ ಹಿಡಿದು ಹೊಳೆಯುದ್ದಕ್ಕೂ ಎಳೆದವು. ಹರಿಗೋಲಿನಲ್ಲಿ ಮಾಯಿಗ, ನೀರುನಾಯಿ, ಅದರ ಮಕ್ಕಳು.

ಹೊಂಗೆರೆಯಲ್ಲಿ ಅಮಾವಾಸ್ಯೆಯ ಹಗಲು. ಅಟ್ಟಣೆ ಖಾಲಿಯಿರಬಾರದೆಂದು ರಾಜನೇ ಹತ್ತಿ ಕೂತಿದ್ದ. ರೆಕ್ಕೆಗಳಿಂದ ಆಕಾಶ ಬೆಳ್ಳಗಾದದ್ದು ಕಂಡು ಕಿರೀಟ ಬಿದ್ದದ್ದೂ ತಿಳಿಯದೆ ಕೂಗಿದ, "ಬಂದ್ರೂ! ಹೆಣ್ಮಕ್ಕಳು ಬಂದ್ರೂ!" ಊರಿಗೆ ಊರೇ ಕೆರೆಗೆ ಓಡಿತು. ಹಿರಿಯ ಹೆಜ್ಜಾರ್ಲೆ ಚೌಡವ್ವನ ಹಿತ್ತಲ ಹುಣಸೆಮರದ ಮೇಲೆ ಇಳಿದು ಕೊಕ್ಕು ತೆರೆದಳು. ಚೀಲದೊಳಗೆ ಮೊಟ್ಟೆ ಚಿಟ್ಟೆಂದಿತು, ಮರಿ ತಲೆ ಹೊರಹಾಕಿತು. ಅದೇ ಗಳಿಗೆಗೆ ಒಳಗೆ ಚೌಡವ್ವ "ಅವ್ವಾ!" ಅಂದಳು. ಹೊತ್ತು ಮುಳುಗುವಷ್ಟರಲ್ಲಿ ಹೆಣ್ಣುಮಗು ಕೆರೆಯಾಚೆಗೂ ಕೇಳುವಂತೆ ಅತ್ತಿತು.

ಆ ವರ್ಷ ಹಕ್ಕಿಗಳನ್ನು ಕಳಿಸುವ ದಿನ ರಾಜ ಎರಡೂ ಕೈಯಲ್ಲಿ ಮೊರ ಹಿಡಿದು ತೆಪ್ಪಗೆ ನಿಂತ. ಅಜ್ಜಿರಾಣಿ ಅಕ್ಕಿ ಹಾಕಿದಳು, ಅವಳ ಪಕ್ಕದಲ್ಲಿ ನೀರುನಾಯಿಯೂ ಹಾಕಿತು. ಹಕ್ಕಿಗಳು ತುಂಬುಮಡಿಲಲ್ಲಿ ಹೋದವು, ಮರುವರ್ಷ ಮರಿಗಳ ಸಮೇತ ಬಂದವು. ಹೊಂಗೆರೆಯಲ್ಲಿ ತೊಟ್ಟಿಲು ಖಾಲಿಯಿರಲಿಲ್ಲ, ಗೂಡೂ ಖಾಲಿಯಿರಲಿಲ್ಲ, ಎಲ್ಲರೂ ಸುಖವಾಗಿದ್ದರು.

ಅಂದಹಾಗೆ, ಹೆರಿಗೆಯಾದ ಮಾರನೆಯ ಬೆಳಿಗ್ಗೆ ಮಗುವನ್ನು ನೋಡಲು ಮಾಯಿಗ ಒಳಗೆ ಬಂದಾಗ ಚೌಡವ್ವ ಅವನ ಕೆನ್ನೆ ಸವರಿ, "ಮುದ್ದು ತಮ್ಮಾ" ಅಂದಳು. ಮಾಯಿಗ ಹೌಹಾರಿ ಬಾಗಿಲ ಬಳಿಯಿದ್ದ ಹುಟ್ಟಿಗೆ ಕೈ ಹಾಕಿದ.

"ಲೋ ಸೋಂಬೇರಿ, ಯಾಕೋ?" ಅಂದಳು.

"ಆಹಾ, ನಮ್ಮಕ್ಕನೇ!" ಅಂದ ಮಾಯಿಗ. ಹುಟ್ಟನ್ನು ಮೂಲೆಗಿಟ್ಟು ಕೂಸನ್ನು ಎತ್ತಿಕೊಂಡ.