ಮೈ ಕೊಡವದ ಟಗರು

"ಟಗರು ಉಳೀತಲ್ಲ... ಸಮಾಧಾನ ಆಯ್ತಾ?"

ಬೆನ್ನ ಹಿಂದಿನಿಂದ ಬಂದ ದನಿಗೆ ಗೋವಿಂದರಾಜ್ ತಿರುಗಿದ. ಪಂಪ್‌ಸೆಟ್ ತೊಟ್ಟಿಯ ಪಕ್ಕದಲ್ಲಿ ವನಿತಾ ನಿಂತಿದ್ದಳು. ಅತ್ತು ಅತ್ತು ಅವಳ ಕಣ್ಣು ಊದಿಕೊಂಡಿತ್ತು. ತನ್ನೂರು ತಾರಮಂಗಲಂನಿಂದ ಅವನೂರು ನಂಗವಳ್ಳಿಯವರೆಗೆ ಒಬ್ಬಳೇ ಬಸ್ಸಿನಲ್ಲಿ ಬಂದಿದ್ದಳು.

"ನೀನ್ಯಾಕೆ ಬಂದೆ, ವನಿತಾ?"

"ನಾಳೆ ಎಡಪ್ಪಾಡಿಯೋರು ನನ್ನ ನೋಡಕ್ಕೆ ಬರ್ತಾರೆ. ಅಪ್ಪ ಒಪ್ಕೊಂಡೇ ಬಿಟ್ಟವ್ರೆ. ಟಗರು ಉಳಿಸಿಕೊಳ್ಳಕ್ಕೆ ನನ್ನ ಬಿಟ್ಟೆಯಾ? ಅದೊಂದು ಹೇಳು, ಓಗ್ತೀನಿ."

ಅವನು ತೊಟ್ಟಿಯ ಕಡೆಗೆ ತಿರುಗಿಕೊಂಡ.

ಇಬ್ಬರ ಪರಿಚಯವಾದದ್ದು ವನಿತಾ ಪಾಠ ಹೇಳುವ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ. ಅವತ್ತು ಒಳ್ಳೆಯದನ್ನೂ ಕೆಟ್ಟದ್ದನ್ನೂ ಹೇಳುವ ಪದಗಳ ಪಾಠ. ಸೀರೆ ಚೀಪ್ ಅಂದರೆ ಖುಷಿ, ಮನುಷ್ಯ ಚೀಪ್ ಅಂದರೆ ಬೈಗುಳ ಎನ್ನುತ್ತಿದ್ದಾಗ ಹಿಂದಿನ ಬೆಂಚಿನಿಂದ ಇವನು ಕೇಳಿದ್ದ.

"ಪ್ರೌಡ್ ಅಂದ್ರೆ ಒಳ್ಳೇದಾ ಕೆಟ್ಟದ್ದಾ, ಟೀಚರ್?"

"ಅಪ್ಪ ಮಗಳಿಗೆ ಹೇಳಿದ್ರೆ ಹೆಮ್ಮೆ. ಅತ್ತೆ ಸೊಸೆಗೆ ಹೇಳಿದ್ರೆ ಕೊಬ್ಬು."

ಕ್ಲಾಸೆಲ್ಲ ನಕ್ಕಿತು. ಅವನೊಬ್ಬ ನಗದೆ ಅವಳನ್ನೇ ನೋಡುತ್ತಿದ್ದ. ಆಮೇಲಿನ ಕಥೆ ನಿಮಗೂ ಗೊತ್ತಾಗಿರಬೇಕು!

ಆದರೆ ಅವರ ಕುಲದಲ್ಲಿ ಹುಡುಗ ಹುಡುಗಿ ಒಪ್ಪಿದರೆ ಸಾಲದು, ದೇವರೂ ಒಪ್ಪಬೇಕು. ಗುಡಿಯ ಮುಂದೆ ಟಗರು ನಿಲ್ಲಿಸಿ ಅರಿಶಿನದ ನೀರು ಸುರಿಯುತ್ತಾರೆ. ಮೈ ಕೊಡವಿದರೆ ಟಗರು ದೇವರ ಬಲಿಗೆ, ಹುಡುಗಿ ಹುಡುಗನ ಮನೆಗೆ. ಗೋವಿಂದರಾಜ್ ತಂದ ಟಗರು ಎಷ್ಟು ನೀರು ಸುರಿದರೂ ಕಲ್ಲಿನಂತೆ ನಿಂತಿತ್ತು. ಅವನ ತಾಯಿ ಮುನಿಲಕ್ಷ್ಮಮ್ಮ, "ಸಾಮಿಗೆ ಇಷ್ಟ ಇಲ್ಲ, ಏಳಿ," ಎಂದು ತಾಂಬೂಲದ ತಟ್ಟೆ ಎತ್ತಿಕೊಂಡಿದ್ದರು.

ಈಗಲೂ ಅದೇ ಟಗರು ಪಂಪಿನ ನೀರಿಗೆ ಮೈಯೊಡ್ಡಿ ನಿಂತಿತ್ತು. ಕಣ್ಣು ಮುಚ್ಚಿಕೊಂಡು, ಸುಖವಾಗಿ. ಒಮ್ಮೆಯೂ ಮೈ ಕೊಡವಲಿಲ್ಲ.

ವನಿತಾ ಅದನ್ನೇ ದಿಟ್ಟಿಸಿದಳು. ಅಯ್ಯೋ ದೇವರೇ, ಇದಕ್ಕೆ ನೀರು ಅಂದರೆ...

"ದಿನಾ ಇಂಗೇ ತೊಳೀತೀಯಾ?"

"ಮರಿ ಇದ್ದಾಗಿಂದ. ತಾಯಿ ಸತ್ತೋಗಿತ್ತು. ನಾನೇ ಬಾಟಲಿ ಹಾಲು ಕುಡಿಸಿ ಸಾಕಿದ್ದು."

"ಇದು ಕೊಡವಲ್ಲ ಅಂತ ನಿಂಗೆ ಗೊತ್ತಿತ್ತು."

"ಅಲ್ಲಿ ನಿಂತ ಮೇಲೆ ತೋಚಿತು."

"ಯಾಕೆ ಹೇಳಲಿಲ್ಲ?"

"ಗುಡೀಲಿ ನೀನು ಒಂದ್ಸಲಾನೂ ನನ್ನ ಕಡೆ ನೋಡ್ಲಿಲ್ಲ, ವನಿತಾ. ಅಮ್ಮ 'ಇಂಗ್ಲಿಷ್ ಹುಡುಗಿ, ಪ್ರೌಡು' ಅಂದ್ಲು. ನಂಗೂ ಅಂಗೇ ಕಾಣ್ತು. ನಿಂಗೇ ಬೇಡ ಅಂದ್ಮೇಲೆ ಸಾಮಿ ಜೊತೆ ಯಾಕೆ ಜಗಳ ಅಂತ ಸುಮ್ನಾದೆ."

ಅವಳಿಗೆ ದುಃಖ ಒತ್ತರಿಸಿ ಬಂತು. "ನಿನ್ನ ಎಂಗೆ ನೋಡ್ಲಿ? ಒಂದ್ಸಲ ಕೊಡವು, ಒಂದೇ ಒಂದ್ಸಲ ಅಂತ ಈ ಟಗರಿನ ಬೆನ್ನನ್ನೇ ನೋಡ್ತಿದ್ನಲ್ಲ..."

ಗೋವಿಂದರಾಜ್ ತೊಟ್ಟಿಯ ಅಂಚಿನಲ್ಲಿ ಕುಳಿತ. ಇಷ್ಟು ದಿನ ತಡೆದಿಟ್ಟ ಕಣ್ಣೀರು ಈಗ ಅವನ ಮಾತು ಕೇಳಲಿಲ್ಲ.

"ಮಂದೇಲಿ ಬ್ಯಾರೆ ಟಗರು ಇರ್ಲಿಲ್ವಾ?" ಅವಳು ಮೆಲ್ಲಗೆ ಕೇಳಿದಳು.

"ನಿನ್ನ ಕೇಳಕ್ಕೆ ಓಗೋವಾಗ ಕೈಗೆ ಸಿಕ್ಕಿದ್ದು ಎಳ್ಕೊಂಡು ಓಗೋದಾ? ನಂದು ಅಂತ ಇದ್ದದ್ದು ಇದೊಂದೇ."

ಪ್ರಾಣದಂತಿದ್ದುದನ್ನೇ ಅವನು ಬಲಿಗೆ ತಂದು ನಿಲ್ಲಿಸಿದ್ದ. ಅವಳು ಅದನ್ನೇ ಹಿಡಿದು ಚುಚ್ಚಿ ಮಾತಾಡಿದ್ದಳು. ವನಿತಾ ಟಗರಿನ ಒದ್ದೆ ಕೊರಳನ್ನು ತಬ್ಬಿ ಅತ್ತಳು.

ಸ್ವಲ್ಪ ಹೊತ್ತಿಗೆ ಅವನು ಪಂಪ್ ನಿಲ್ಲಿಸಿದ.

"ನಡಿ. ಮೊದ್ಲು ನಿಮ್ಮಪ್ಪನ ಹತ್ರ ಓಗೋಣ. ಸಂಜೆ ಎಲ್ಲಾರೂ ಗುಡಿಗೆ. ಬ್ಯಾರೆ ಟಗರು ತರ್ತೀನಿ, ಇನ್ನೊಂದ್ಸಲ ಕೇಳೋಣ."

"ಅದೂ ಕೊಡವದೇ ಓದ್ರೆ?"

ಅವನು ಒದ್ದೆ ಕೈಯಲ್ಲೇ ಅವಳ ಕೈ ಹಿಡಿದ.

"ಕೊಡವೋ ಗಂಟ ನೀರು ಉಯ್ತೀನಿ."