ತಮ್ಮನ ಶೆಡ್ಡಿನ ಸೊನ್ನೆ

ಕೋಳಿಗಳ ರಕ್ತದ ವರದಿ ನೋಡಿದ ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. "ಯಾರೋ ರಕ್ತ ಬದಲಿಸಿದ್ದಾರೆ!"

ನಾನು ಅವರ ಸಹಾಯಕ. ಕೋಳಿ ಹಿಡಿಯುವುದು ನನ್ನ ಕೆಲಸ, ಬೈಸಿಕೊಳ್ಳುವುದೂ. ವರದಿ ಅಣ್ಣ ತಮ್ಮಂದಿರಿಬ್ಬರ ಕೋಳಿ ಫಾರಮ್ಮಿನದು. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಶೆಡ್ಡು, ನಡುವೆ ಗೋಡೆ, ಗೋಡೆಗೊಂದು ಬಾಗಿಲು. ತಾಯಿ ಇಬ್ಬರ ಕಡೆಗೂ ಓಡಾಡಲೆಂದು ಆ ಬಾಗಿಲನ್ನು ಅಣ್ಣನೇ ಇಡಿಸಿದ್ದ.

ಈಗ ಅಣ್ಣನ ಕೋಳಿಗಳು ಗೊರಗೊರ ಉಸಿರೆಳೆದು ಸಾಯುತ್ತಿದ್ದವು. ರೋಗ ಮೊದಲು ಯಾರ ಶೆಡ್ಡಿಗೆ ಬಂತೋ ಅವನಿಗೆ, ಮರಿ ಕೊಟ್ಟು ಸಾಕಿಸುವ ಕಂಪನಿ ಇನ್ನು ಮರಿ ಕೊಡುವುದಿಲ್ಲ. ಅಂದರೆ ಶೆಡ್ಡಿಗೆ ಬೀಗ. ಸೋಂಕು ತಗುಲಿದರೆ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಪ್ರತಿಕಾಯ ದಿನೇ ದಿನೇ ಏರುತ್ತದೆ. ಅದನ್ನು ಅಳೆಯಲು ಎರಡೂ ಶೆಡ್ಡಿನ ಕೋಳಿಗಳ ರಕ್ತ ತೆಗೆದು, ಅದು ಹೆಪ್ಪುಗಟ್ಟಿ ಮೇಲೆ ತಿಳಿ ಬಿಡಲೆಂದು ಟ್ಯೂಬುಗಳನ್ನು ಅಲ್ಲೇ ಮೇವಿನ ಕೋಣೆಯಲ್ಲಿ ಸಂಜೆವರೆಗೆ ಓರೆಯಾಗಿಟ್ಟಿದ್ದೆವು. ಅಣ್ಣನವುಗಳಲ್ಲಿ ಅಂಕಿ ಜೋರಾಗಿತ್ತು. ತಮ್ಮನವು ಅಷ್ಟಕ್ಕೂ ಸೊನ್ನೆ.

ಮತ್ತೆ ಅಲ್ಲಿಗೆ ಹೋದೆವು.

"ಸೊನ್ನೆ ಅಂದ್ರೆ ರೋಗ ಇಲ್ಲ ಅಂತ ತಾನೆ? ಇನ್ನೇನು ಕೊಕ್ಕೆ?" ತಮ್ಮ ಮೀಸೆ ತಿರುವಿದ.

"ಗಾಳಿ ಗೋಡೆ ಈಚೆಗೆ ಮಾತ್ರ ಬೀಸುತ್ತೇನೋ?" ಅಣ್ಣ ಹಲ್ಲು ಕಡಿದ.

"ಬಾಯಿ ಮುಚ್ಚು! ಮೊದ್ಲು ನಿನ್ನ ಶೆಡ್ಡಿಗೆ ಬೀಗ ಹಾಕು."

ತಾಯಿ ದೊಡ್ಡ ಮಗನನ್ನೇ ಗದರಿದರು. "ತಮ್ಮನ ಮೇಲೆ ಯಾಕೋ ಹಲ್ಲು ಮಸೀತೀಯ? ನಿನ್ನ ಹಣೇಬರಹ, ಅನುಭವಿಸು."

ಡಾಕ್ಟರಮ್ಮ ತಮ್ಮನತ್ತ ತಿರುಗಿದರು. "ಕೋಳಿಗಳಿಗೆ ಈ ರೋಗದ ಲಸಿಕೆ ಹಾಕಿದ್ರಾ?"

"ಹಾಕದೆ ಇರ್ತೀನಾ? ಕೈಯಾರೆ ಚುಚ್ಚಿದ್ದೀನಿ."

"ಹಾಗಾದ್ರೆ ಸೊನ್ನೆ ಹೇಗೆ ಬಂತು?"

ತಮ್ಮನ ಕೈ ಮೀಸೆಯ ಮೇಲೇ ನಿಂತಿತು.

"ರೋಗ ಬರದಿದ್ರೂ ಲಸಿಕೆಯಿಂದ ಸ್ವಲ್ಪ ಪ್ರತಿಕಾಯ ಇರ್ಲೇಬೇಕು. ಇದು ಲಸಿಕೆ ಕಾಣದ ಕೋಳಿ ರಕ್ತ. ಅಂಥ ಕೋಳಿ ಯಾರ ಹತ್ರ ಇದೆ?"

ಡಾಕ್ಟರಮ್ಮ ಹೊರಗೆ ಬೆರಳು ತೋರಿದರು. ಬೀದಿಯಾಚೆ ತಾಯಿಯ ಹಿತ್ತಿಲಿನಲ್ಲಿ ನಾಲ್ಕಾರು ನಾಟಿ ಕೋಳಿಗಳು ಮಣ್ಣು ಕೆದಕುತ್ತಿದ್ದವು. ಎಲ್ಲರೂ ಅಲ್ಲಿಗೆ ನಡೆದೆವು. ನಾನು ಒಂದಕ್ಕೆ ಕೈ ಹಾಕಿದೆ — ತಪ್ಪಿಸಿಕೊಂಡಿತು. ಇನ್ನೊಂದು ನನ್ನ ಮುಖಕ್ಕೇ ಎಗರಿತು. ಮಾನ ಹೋಯಿತು! ಕೊನೆಗೆ ಬುಟ್ಟಿ ಕವುಚಿ ಹಾಕಿ ಒಂದನ್ನು ಹಿಡಿದೆ. ಡಾಕ್ಟರಮ್ಮ ರೆಕ್ಕೆ ಎತ್ತಿದರು. ಕೆಳಗೆ ಸೂಜಿಯ ಗಾಯ, ಸುತ್ತ ರಕ್ತ ಹೆಪ್ಪಾಗಿ ಹಸಿರುಗಟ್ಟಿದ ಚರ್ಮ.

"ನಾವು ತೆಗೆದ ರಕ್ತ ಚೆಲ್ಲಿ, ಇವುಗಳದ್ದು ತುಂಬಿಸಿದ್ದೀರಿ," ಎಂದು ತಮ್ಮನಿಗೆ ಹೇಳಿದರು. "ಚೊಕ್ಕ ಮಾಡೋಕೆ ಹೋಗಿ ಅತಿ ಮಾಡಿಬಿಟ್ರಿ."

"ಕಳ್ಳ! ಸಿಕ್ಕಿಬಿದ್ದ!" ಅಣ್ಣ ಗಹಗಹಿಸಿ ನಕ್ಕ.

"ತಾಳಿ," ಡಾಕ್ಟರಮ್ಮ ತಡೆದರು. " ರೆಕ್ಕೆಯಿಂದ ರಕ್ತ ತೆಗೆಯೋಕೆ ಒಬ್ಬರು ಚುಚ್ಚಬೇಕು, ಇನ್ನೊಬ್ಬರು ಅಲುಗದ ಹಾಗೆ ಹಿಡೀಬೇಕು. ನನ್ನ ಸಹಾಯಕನ ಕೈಗೇ ಸಿಗದ ಕೋಳಿ ಯಾರ ಕೈಗೆ ಸುಮ್ನೆ ಬರುತ್ತೆ?"

ಅಷ್ಟರಲ್ಲಿ ಕೋಳಿ ನನ್ನ ಕೈಯಿಂದ ಕೊಸರಿಕೊಂಡು ನೇರ ತಾಯಿಯ ಕಾಲ ಬಳಿ ಓಡಿತು. ಅವರು ರೂಢಿಯಂತೆ ಬಗ್ಗಿ ಎತ್ತಿಕೊಂಡುಬಿಟ್ಟರು. ಆಮೇಲೆ ತಲೆಯೆತ್ತಲಿಲ್ಲ.

ಅಣ್ಣನ ನಗು ಆರಿತು. "ಅಮ್ಮಾ, ನೀನು ಹಿಡ್ಕೊಂಡ್ಯಾ?"

"ಅವನಿಗೆ ಬೇರೆ ಕೆಲಸ ಬರಲ್ಲ ಕಣೋ. ನೀನಾದ್ರೆ ಹೇಗೋ ಬದುಕ್ಕೋತೀಯ."

ನನಗೆ ಮೈಯೆಲ್ಲ ಉರಿಯಿತು. ಅಣ್ಣ ಬೆನ್ನು ತಿರುಗಿಸಿ ಹೊರಟುಹೋದ.

ಆ ದಿನವೇ ಮತ್ತೆ ರಕ್ತ ತೆಗೆದೆವು. ತಮ್ಮನ ಶೆಡ್ಡಿನ ಅಂಕಿ ಅಣ್ಣನದಕ್ಕಿಂತ ಬಹಳ ಮೇಲಿತ್ತು. ರೋಗ ಮೊದಲು ಹೊಕ್ಕಿದ್ದು ಅಲ್ಲಿಗೇ; ಅಲ್ಲಿಯ ಕೋಳಿಗಳು ಆಗಲೇ ಚೇತರಿಸಿಕೊಂಡಿದ್ದವು. ಅಣ್ಣನಿಗೆ ಮರಿ ಬರುತ್ತದೆ ಎಂದು ಹೇಳಲು ಹೋದಾಗ ಅವನು ತಿರುಗಿಯೂ ನೋಡಲಿಲ್ಲ. ಗೋಡೆಯ ಬಾಗಿಲು ಕಿತ್ತು ಪಕ್ಕಕ್ಕಿಟ್ಟು, ಆ ಜಾಗಕ್ಕೆ ಇಟ್ಟಿಗೆ ಕಟ್ಟುತ್ತಿದ್ದ.