ಬದ್ಧವೈರಿಯ ಕನ್ನಡಿ

“ಅಪ್ಪನ್ನ ಬಿಡಿಸಿಕೊಡಿ, ಟೀಚರಮ್ಮಾ” ಎಂದು ಗಡಿಯಾರ ರಿಪೇರಿಯವನ ಮಗಳು ಹೊಸ್ತಿಲಲ್ಲೇ ಕುಸಿದಾಗ ಮೈದುನ ಮೀಸೆ ತಿರುವಿದ. ನಿವೃತ್ತ ಕನ್ನಡ ಟೀಚರಾದ ಅತ್ತಿಗೆ ಪತ್ತೆಹಚ್ಚಿದ ಕೊಲೆಗಳನ್ನು ಎಣಿಸಲು ಊರಿನವರೆಲ್ಲರ ಬೆರಳೂ ಸಾಲದು. ಅರ್ಧ ತಾನೇ ಹಿಡಿದದ್ದೆಂದು ಅವನ ನಂಬಿಕೆ. ಇದನ್ನಂತೂ ಚಪ್ಪಲಿ ಮೆಟ್ಟುವ ಮೊದಲೇ ಬಗೆಹರಿಸಿದ್ದ: ಕೊಂದವನು ಇವಳಪ್ಪನೇ.

ಓಣಿಯಲ್ಲಿ ಎದುರುಬದುರು ಗಡಿಯಾರದಂಗಡಿಯಿಟ್ಟ ಇವಳಪ್ಪನ ಮತ್ತು ಸತ್ತ ಹಿರಿಯವನ ಹಗೆ ಮೂರು ಲೋಕಕ್ಕೂ ಗೊತ್ತು. ಒಬ್ಬನ ಗಡಿಯಾರ ಹನ್ನೊಂದು ಹೊಡೆದರೆ ಇನ್ನೊಬ್ಬನದು ಹಟಕ್ಕೆ ಹನ್ನೆರಡು ಹೊಡೆಯುತ್ತಿತ್ತು. ಓಣಿಯವರಿಗೆ ದಿನಕ್ಕೆರಡು ಮಧ್ಯಾಹ್ನ. ಈಗ ಹಿರಿಯವನ ತಲೆ ಹಿಂದಿನಿಂದ ಒಡೆದಿತ್ತು. ಪಕ್ಕದಲ್ಲಿ ಎದುರಂಗಡಿಯವನ ಸುತ್ತಿಗೆ.

ಅಂಗಡಿಯೊಳಗೆ ನೂರು ಗಡಿಯಾರ ಯಾರದೋ ಸರದಿ ಎಣಿಸುವಂತೆ ಟಿಕ್ ಟಿಕ್ ಎನ್ನುತ್ತಿದ್ದವು. ಹೆಣ ಗೋಡೆಗೆ ಮುಖಮಾಡಿ ಮೇಜಿಗೊರಗಿತ್ತು. ಕಣ್ಣಿಗೆ ಕಟ್ಟಿದ ಭೂತಗನ್ನಡಿ ಹಾಗೇ ಇತ್ತು; ಬಿಗಿದ ಬೆರಳಿನ ಚಿಮುಟದಲ್ಲಿ ಎಳ್ಳಿಗಿಂತ ಚಿಕ್ಕ ತಿರುಪು. ಗೋಡೆಯ ಕನ್ನಡಿಯಲ್ಲಿ ಇಡೀ ಅಂಗಡಿ, ಬಾಗಿಲು, ಎದುರಂಗಡಿ ಎಲ್ಲ ನಿಚ್ಚಳವಾಗಿ ಕಾಣುತ್ತಿದ್ದವು.

ಸತ್ತವನ ಅಳಿಯ ಒಳಕೋಣೆಯಲ್ಲಿದ್ದನಂತೆ. ಸದ್ದು ಕೇಳಿ ಬಂದಾಗ ಎದುರಂಗಡಿಯವನು ಓಡುತ್ತಿದ್ದನಂತೆ. ಬೇರೆ ನರಪಿಳ್ಳೆಯೂ ಅಂಗಡಿಗೆ ಬಂದಿರಲಿಲ್ಲವಂತೆ. ಖಂಡಿತವೇ ಎಂದು ಅತ್ತಿಗೆ ಎರಡು ಸಲ ಕೇಳಿದರು. ಅವನು ಆಣೆ ಹಾಕಿದ.

ಸಂಜೆ ಎಲ್ಲರೂ ಅಲ್ಲೇ ಸೇರಿದರು. ಬೇಡಿ ಹಾಕಿದ್ದ ಎದುರಂಗಡಿಯವನನ್ನೂ ಇನ್ಸ್‌ಪೆಕ್ಟರ್ ಕರೆತಂದ.

“ಇವರದು ಬದ್ಧವೈರ ಅಂತೀರಲ್ಲ, ಸರಿಯಾಗೇ ಅಂತೀರಿ” ಎಂದರು ಅತ್ತಿಗೆ. “ಬದ್ಧ ಅಂದ್ರೆ ಕಟ್ಟಿದ್ದು. ವೈರ ಹುಟ್ಟಿದ್ದು ವೀರ ಅನ್ನೋ ಮಾತಿಂದ. ಒಂದೇ ಹಗ್ಗಕ್ಕೆ ಕಟ್ಟಿಬಿದ್ದ ಇಬ್ಬರು ವೀರರು. ಒಬ್ಬನ ಮೇಲಿಂದ ಇನ್ನೊಬ್ಬ ಕಣ್ಣು ತೆಗೆಯಲ್ಲ. ಅದಕ್ಕೇ ಈ ಕನ್ನಡಿ.”

ವೈರಿ ಹೊಸ್ತಿಲು ತುಳಿದಿದ್ದರೆ ಹಿರಿಯವನು ಚಿಮುಟ ಎಸೆದು ಎದ್ದು ನಿಲ್ಲುತ್ತಿದ್ದ. ಕೊಂದವನನ್ನು ಕನ್ನಡಿಯಲ್ಲಿ ಕಂಡೂ ಕೆಲಸ ಬಿಡಲಿಲ್ಲವೆಂದರೆ ಬಂದವನು ಮನೆಯವನೇ. ಎದುರಂಗಡಿಯವನು ಊಟಕ್ಕೆದ್ದಾಗ ಸುತ್ತಿಗೆ ಕದಿಯುವುದು ಎಷ್ಟರ ಮಾತು?

“ಬೇರೆ ಯಾರೂ ಬರಲಿಲ್ಲ ಅಂದೋನು ನೀನೇ ಅಲ್ವೇನಪ್ಪಾ?”

ಅಳಿಯನ ಮುಖ ಸುಣ್ಣವಾಯಿತು. “ಅಂಗಡಿ ಬೀಗದಕೈ ಕಿತ್ಕೊಂಡು, ಮನೆಬಿಟ್ಟು ಹೋಗು ಅಂದ ಮುದುಕ” ಎಂದ, ನೆಲ ನೋಡುತ್ತ.

ಬೇಡಿ ಕೈ ಬದಲಾಯಿಸಿತು. ತನಗೆ ಮೊದಲೇ ಗುಮಾನಿಯಿತ್ತೆಂದು ಮೈದುನ ಇನ್ಸ್‌ಪೆಕ್ಟರನ ಕಿವಿಯಲ್ಲಿ ಉಸುರಿದ.

ಮನೆಗೆ ಹೋಗೋಣವೆಂದು ಮಗಳು ತೋಳೆಳೆದರೂ ಅಪ್ಪ ಅಲುಗಲಿಲ್ಲ. ಗೋಡೆಯ ಕನ್ನಡಿ ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ಅಳಿಯನೆದುರು ನಿಂತ.

“ನನ್ನ ಹಗೆಯನ್ನ ನನ್ನಿಂದ ಕಿತ್ಕೊಂಡೆ. ಶಿಕ್ಷೆ ಮುಗಿಸ್ಕೊಂಡು ಬಾ. ಇದನ್ನ ಬಾಗಿಲಿಗೆ ತಿರುಗಿಸಿ ಕೂತಿರ್ತೀನಿ.”

ಮೀಸೆಗೆ ಹೋಗಿದ್ದ ಮೈದುನನ ಕೈ ಅಲ್ಲೇ ನಿಂತಿತು.